ಮೇಕೆಯ ತಳಿಗಳೂ ಲಾಭನಷ್ಟದ ಲೆಕ್ಕವೂ
(ಹಳೇಕೋಟೆ ಹೋಬಳಿಯ ಹಿಡುವಳಿದಾರರಿಗಾಗಿ ಭಾಷಣ)



ಹೊಳೇನರಸೀಪುರ ತಾಲ್ಲೂಕಿನ ಹಳೇಕೋಟೆಯ ಸೀಮೆಯಲ್ಲಿ ಮೇಕೆಯೆಂಬುದು ಸಣ್ಣ ರೈತನ ಕೈಗಂಟು. ಬಿತ್ತನೆಯ ಖರ್ಚಿಗಾಗಲಿ ಮದುವೆಯ ಖರ್ಚಿಗಾಗಲಿ ಒಂದು ಹೋತವನ್ನು ಮಾರಿದರೆ ಆ ಹೊತ್ತಿನ ಕಷ್ಟವು ನೀಗುತ್ತದೆ. ತಳಿಯನ್ನು ಆರಿಸುವುದರಲ್ಲಿ ತಪ್ಪಿದರೆ ಆ ಗಂಟೇ ಕರಗುವುದು.

ಉತ್ತರಪ್ರದೇಶದ ಇಟಾವಾ ಕಡೆಯ ಜಮುನಾಪಾರಿ ಮೇಕೆಯು ಎತ್ತರವಾದ ಮೈಕಟ್ಟಿಗೂ ಹಾಲಿಗೂ ಪ್ರಸಿದ್ಧವಾದುದು. ದಕ್ಷಿಣ ಆಫ್ರಿಕದ ಬೋಯರ್ ತಳಿಯು ಮಾಂಸಕ್ಕೆ ಹೆಸರಾದುದು. ಮಹಾರಾಷ್ಟ್ರದ ಉಸ್ಮಾನಾಬಾದಿ, ಕೇರಳದ ಮಲಬಾರಿ ತಳಿಗಳು ಗಾತ್ರದಲ್ಲಿ ಅಷ್ಟು ದೊಡ್ಡವಲ್ಲ. ಆದರೆ ಅವಳಿ ಮರಿಗಳನ್ನು ಹಾಕುವುದು ಇವುಗಳಲ್ಲಿ ಸಾಮಾನ್ಯ. ಕರ್ನಾಟಕದ್ದೇ ಆದ ನಂದಿದುರ್ಗ ಮೇಕೆಯು ಬಿಳಿಯ ಬಣ್ಣದ್ದು.

ಇವುಗಳಲ್ಲಿ ಯಾವುದು ಲಾಭದಾಯಕ? ಸಂತೆಯಲ್ಲಿ ಕಾಣುವ ಎತ್ತರವು ಇದಕ್ಕೆ ಉತ್ತರವನ್ನು ಕೊಡಲಾರದು. ಮೇಕೆಯ ಗರ್ಭಾವಧಿ ಸುಮಾರು 150 ದಿನಗಳು. ಚೆನ್ನಾಗಿ ಸಾಕಿದ ಮೇಕೆಯು 2 ವರ್ಷಗಳಲ್ಲಿ 3 ಸಲ ಈಯಬಲ್ಲುದು. ಆದುದರಿಂದ, ಆ 2 ವರ್ಷಗಳಲ್ಲಿ ಬದುಕಿ ಮಾರಾಟಕ್ಕೆ ಬಂದ ಮರಿಗಳೆಷ್ಟು, ಖರ್ಚು ಕಳೆದು ಉಳಿದುದೆಷ್ಟು ಎಂಬುದೇ ನಿಜವಾದ ಅಳತೆ.

ತಿಳಿಯುವುದಕ್ಕಾಗಿ ಒಂದು ಲೆಕ್ಕವನ್ನು ಕಲ್ಪಿಸಿಕೊಳ್ಳಬಹುದು. ಸಾಧಾರಣ ಗಾತ್ರದ ಮೇಕೆಯೊಂದು 3 ಸೂಲುಗಳಲ್ಲಿ 6 ಮರಿಗಳನ್ನು ಹಾಕಿ 5 ಉಳಿದರೆ, ತಲಾ 5,000 ರೂಪಾಯಿಯಂತೆ 25,000 ಬರುವುದು. ಖರ್ಚು 9,000 ಕಳೆದರೆ 16,000 ಉಳಿಯುವುದು. ದೊಡ್ಡ ಮೇಕೆಯು 3 ಒಂಟಿ ಮರಿಗಳನ್ನು ಹಾಕಿ, ತಲಾ 7,000ದಂತೆ 21,000 ಬಂದರೂ, ಹೆಚ್ಚಿನ ಮೇವಿಗೆ 12,000 ಕಳೆದು ಉಳಿಯುವುದು 9,000 ಮಾತ್ರ. ಕೊಂಡ ಬೆಲೆಯ ಬಡ್ಡಿಯು ಇದರಿಂದಲೂ ಕಳೆಯತಕ್ಕದ್ದು.

ದೂರದ ತಳಿಯು ಹೊಸ ಹವೆಗೆ ಹೊಂದಿಕೊಳ್ಳುವ ಮೊದಲೇ ರೋಗಕ್ಕೆ ತುತ್ತಾಗಬಹುದು. ಹಿರೇಬೇನೆಯೆಂಬ ಪಿ.ಪಿ.ಆರ್. ರೋಗಕ್ಕೆ ಪಶುವೈದ್ಯರಿಂದ ಲಸಿಕೆ ಹಾಕಿಸುವುದು ಯಾವ ತಳಿಗಾದರೂ ಅವಶ್ಯಕ. ಹೊಸದಾಗಿ ತಂದವನ್ನು ಕೆಲವು ವಾರ ಮಂದೆಯಿಂದ ಬೇರೆಯಾಗಿ ಕಟ್ಟತಕ್ಕದ್ದು.

ಊರ ಮೇಕೆಗಳಲ್ಲಿ ಅವಳಿ ಹಾಕಿ ಎರಡನ್ನೂ ಹಾಲೂಡಿಸಿ ಬೆಳೆಸಿದವುಗಳನ್ನು ಉಳಿಸಿಕೊಂಡು, ಅಂತಹ ತಾಯಿಯ ಹೋತವನ್ನು ಬೇರೆ ಮಂದೆಯಿಂದ ತರುವುದು ಕಡಮೆ ಖರ್ಚಿನ ಸುಧಾರಣೆ. ಅದೇ ಹೋತವನ್ನು ಅದರ ಹೆಣ್ಣುಮರಿಗಳೊಡನೆ ಕೂಡಲು ಬಿಡಬಾರದು.

ಈದ ದಿನ, ಮರಿಗಳ ಸಂಖ್ಯೆ, ಸತ್ತವು, ಮಾರಿದ ತೂಕ, ಮೇವು, ಔಷಧಿ ಇವನ್ನು ಒಂದು ಪುಸ್ತಕದಲ್ಲಿ ಬರೆದಿಡತಕ್ಕದ್ದು. ಊರಿನ ಮುಖಂಡರು ಮೊದಲು ತಮ್ಮ ಮಂದೆಯಲ್ಲಿ ಈ ಲೆಕ್ಕವನ್ನಿಟ್ಟು ತೋರಿಸಿದರೆ, ಉಳಿದವರು ಸಾಲಮಾಡಿ ದೊಡ್ಡ ಹೋತವನ್ನು ಕೊಳ್ಳುವ ಮುನ್ನ ಯೋಚಿಸುವರು.