ಮೊದಲು ಟೈರ್ ನೋಡಿ, ಆಮೇಲೆ ಅಲೈನ್‌ಮೆಂಟ್

ವೈಟ್ಟಿಲದಿಂದ ಕಾಕ್ಕನಾಡಿಗೆ ದಿನಾ ಕಾರಲ್ಲಿ ಓಡಾಡೋ ನಮ್ಮವರು ಊರಿಗೆ ಹೊರಡೋವಾಗ ಟೈರಿನ ಗಾಳಿ ನೋಡ್ತಾರೆ, ಸವೆತ ನೋಡಲ್ಲ. ಮಳೆಗಾಲದಲ್ಲಿ ನೀರು ತುಂಬಿದ ಗುಂಡಿಗೆ ಒಂದು ಸಲ ಜೋರಾಗಿ ಬಿದ್ರೂ ಅಲೈನ್‌ಮೆಂಟ್ ತಪ್ಪಬಹುದು.

ಸ್ಟೀರಿಂಗ್ ಪೂರ್ತಿ ತಿರುಗಿಸಿ, ಎಂಜಿನ್ ಆಫ್ ಮಾಡಿ, ಮುಂದಿನ ಟೈರಿನ ಒಳಅಂಚು ನೋಡಿ. ಹೊರಗೆ ಚೆನ್ನಾಗಿದ್ರೂ ಅಲ್ಲಿ ನುಣ್ಣಗಾಗಿರಬಹುದು.

ಎರಡೂ ಅಂಚು ಸವೆದಿದ್ರೆ ಸಾಮಾನ್ಯವಾಗಿ ಗಾಳಿ ಕಡಿಮೆ. ನಡುಭಾಗ ಮಾತ್ರ ಸವೆದಿದ್ರೆ ಗಾಳಿ ಜಾಸ್ತಿ. ಒಂದೇ ಅಂಚು ಹೋಗಿದ್ರೆ ಕ್ಯಾಂಬರ್ ಅಥವಾ ಟೋ. ಅಂಗೈಯನ್ನ ಅಡ್ಡಡ್ಡ ಸವರಿದಾಗ ಹೋಗ್ತಾ ನುಣುಪು, ಬರ್ತಾ ಗರಗಸದ ಹಲ್ಲಿನ ಹಾಗೆ ತಾಗಿದ್ರೆ ಅದು ಟೋ. ತಂತಿ ಕಂಡ್ರೆ ಮಾತ್ರ ಮುಟ್ಟಬೇಡಿ. ಅಲ್ಲಲ್ಲಿ ತಗ್ಗು ಬಿದ್ದಿದ್ರೆ ಶಾಕ್ ಅಬ್ಸಾರ್ಬರ್, ಬ್ಯಾಲೆನ್ಸಿಂಗ್ ಎರಡೂ ನೋಡಿಸಿ.

ಬುಷ್, ಬಾಲ್ ಜಾಯಿಂಟ್ ಸಡಿಲ ಇಟ್ಕೊಂಡು ಅಲೈನ್‌ಮೆಂಟ್ ಮಾಡಿಸೋದು, ಬಗ್ ಬಿಟ್ಟು ಸರ್ವರ್ ರೀಸ್ಟಾರ್ಟ್ ಮಾಡಿದ ಹಾಗೆ. ಮೊದಲಿನ ಮತ್ತು ನಂತರದ ಅಂಕಿಗಳ ಪ್ರಿಂಟ್ ಕೇಳಿ ಪಡೀರಿ.

ಕಾನೂನಿನ ಮಿತಿ 1.6 ಮಿ.ಮೀ. ಒಳಅಂಚು ಅಲ್ಲಿಗೆ ಇಳಿದಿದ್ರೆ ಟೈರ್ ಬದಲಿಸಿ. ಮಳೇಲಿ ತಾಮರಶ್ಶೇರಿ ಘಾಟಿ ಹತ್ತಿ ಮೈಸೂರಿಗೆ ಹೋಗೋವಾಗ ಹಿಂದಿನ ಸೀಟಲ್ಲಿ ಮಕ್ಕಳಿರ್ತಾರೆ. ಈ ವಾರವೇ ಹತ್ತು ನಿಮಿಷ ಕೊಟ್ಟು ನೋಡಿ.