ಸ್ಕೈಲ್ಯಾಬ್ ಬಿತ್ತು, ಇನ್ಸಾಟ್ ಯಾಕೆ ಬೀಳಲ್ಲ?



1979ರ ಜುಲೈ ತಿಂಗಳು ನಮ್ಮಲ್ಲಿ ಹಿರಿಯರಿಗೆ ನೆನಪಿರಬಹುದು. ಅಮೆರಿಕದವರ ಸ್ಕೈಲ್ಯಾಬ್ ಎಂಬ ದೊಡ್ಡ ಉಪಗ್ರಹ ಬೀಳುತ್ತದೆ ಎಂದು ಸುದ್ದಿ ಬಂತು. ಎಲ್ಲಿ ಬೀಳುತ್ತದೋ ಯಾರಿಗೂ ಗೊತ್ತಿರಲಿಲ್ಲ. ನಮ್ಮ ದೇಶದಲ್ಲೂ ಜನ ಹೆದರಿದರು. ಜುಲೈ 11ರಂದು ಅದು ಬಿತ್ತು. ಚೂರುಗಳು ಹಿಂದೂ ಮಹಾಸಾಗರದಲ್ಲೂ ಆಸ್ಟ್ರೇಲಿಯಾದ ಪಶ್ಚಿಮ ಭಾಗದಲ್ಲೂ ಉದುರಿದವು. ಯಾರಿಗೂ ಗಾಯವಾಗಲಿಲ್ಲ.

ಹಾಗಾದರೆ ಉಳಿದ ಉಪಗ್ರಹಗಳನ್ನು ಹಿಡಿದುಕೊಂಡಿರುವುದು ಯಾವುದು? ಅಷ್ಟು ಎತ್ತರದಲ್ಲಿ ಭೂಮಿಯ ಸೆಳೆತ ಇಲ್ಲ ಅಂತ ಕೆಲವರು ಹೇಳ್ತಾರೆ. ಅದು ತಪ್ಪು. ಹಿಡಿದುಕೊಂಡಿರುವುದೇ ಆ ಸೆಳೆತ. ಅದು ಇಲ್ಲದಿದ್ದರೆ ಉಪಗ್ರಹ ಕವಣೆಯಿಂದ ಬಿಟ್ಟ ಕಲ್ಲಿನ ಹಾಗೆ ದೂರ ಹೋಗಿಬಿಡುತ್ತಿತ್ತು.

ಒಂದು ಕಲ್ಲು ಎಸೆಯೋಣ. ಮೆಲ್ಲಗೆ ಎಸೆದರೆ ಹತ್ತಿರ ಬೀಳುತ್ತದೆ. ಜೋರಾಗಿ ಎಸೆದರೆ ದೂರ ಬೀಳುತ್ತದೆ. ಎರಡೂ ಮೊದಲ ಸೆಕೆಂಡಿನಲ್ಲಿ ಸುಮಾರು 5 ಮೀಟರ್ ಕೆಳಗಿಳಿಯುತ್ತವೆ. ಭೂಮಿ ಗುಂಡಗಿದೆ ತಾನೇ? ನೇರವಾಗಿ 8 ಕಿಲೋಮೀಟರ್ ಹೋದರೆ ನೆಲವೂ 5 ಮೀಟರ್ ಬಾಗಿರುತ್ತದೆ. ಈಗ ಕಲ್ಲನ್ನು ಸೆಕೆಂಡಿಗೆ 8 ಕಿಲೋಮೀಟರ್ ವೇಗದಲ್ಲಿ ಎಸೆದೆವು ಅನ್ನಿ. ಗಾಳಿ ಅಡ್ಡ ಬರಲಿಲ್ಲ ಅನ್ನಿ. ಕಲ್ಲು 5 ಮೀಟರ್ ಇಳಿಯುತ್ತೆ, ನೆಲವೂ 5 ಮೀಟರ್ ತಗ್ಗುತ್ತೆ. ಕಲ್ಲು ಬೀಳ್ತಾನೇ ಇರುತ್ತೆ, ನೆಲ ಸಿಗೋದೇ ಇಲ್ಲ! ಇಂಗ್ಲೆಂಡಿನ ನ್ಯೂಟನ್ 300 ವರ್ಷಗಳಿಗೂ ಹಿಂದೆಯೇ ಇದನ್ನು ಯೋಚಿಸಿದ್ದರು. ಅಷ್ಟು ಜೋರಾಗಿ ಎಸೆಯುವ ರಾಕೆಟ್ಟು ಬಂದದ್ದು ಮಾತ್ರ 1957ರಲ್ಲಿ.

ಆದರೆ ಗಾಳಿ ಅಡ್ಡ ಬರುತ್ತದಲ್ಲ! ಸ್ಕೈಲ್ಯಾಬ್ ಸುಮಾರು 435 ಕಿಲೋಮೀಟರ್ ಮೇಲಿತ್ತು. ಅಲ್ಲೂ ತೀರಾ ತೆಳುವಾದ ಗಾಳಿ ಇದೆ. ಅದಕ್ಕೆ ಉಜ್ಜಿ ಉಜ್ಜಿ ಸ್ಕೈಲ್ಯಾಬ್ ಕೆಳಗಿಳಿಯಿತು. ಬೆಂಗಳೂರಿನಲ್ಲಿ ತಯಾರಾದ ನಮ್ಮ ಆರ್ಯಭಟ ಉಪಗ್ರಹವೂ ಹಾಗೆಯೇ. 1975ರಲ್ಲಿ ಹಾರಿಸಿದ್ದು 1992ರಲ್ಲಿ ಇಳಿದು ಬಂತು.

ಇನ್ಸಾಟ್ ಇರುವುದು ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿ. ಅಲ್ಲಿ ಗಾಳಿಯ ಕಾಟವಿಲ್ಲ. ಸೆಳೆತ ಕಡಿಮೆ, ಸೆಕೆಂಡಿಗೆ ಸುಮಾರು 3 ಕಿಲೋಮೀಟರ್ ವೇಗ ಸಾಕು. ಒಂದು ಸುತ್ತಿಗೆ ಒಂದು ದಿನ ಬೇಕು. ಭೂಮಿಯೂ ದಿನಕ್ಕೊಂದು ಸುತ್ತು ತಿರುಗುತ್ತದೆ. ಆದ್ದರಿಂದ ಅದು ಆಕಾಶದಲ್ಲಿ ಒಂದೇ ಕಡೆ ನಿಂತ ಹಾಗಿರುತ್ತದೆ. ಟಿವಿ ಕಾರ್ಯಕ್ರಮ ಕಳಿಸುವ ಉಪಗ್ರಹಗಳೂ ಅಷ್ಟೇ ಎತ್ತರದಲ್ಲಿವೆ. ಮನೆ ಮೇಲಿನ ಡಿಶ್ ಸದಾ ಒಂದೇ ಕಡೆ ಮುಖ ಮಾಡಿರುವುದು ಅದಕ್ಕೇ.

ಸೂರ್ಯ ಚಂದ್ರರೂ ಇನ್ಸಾಟನ್ನು ಸ್ವಲ್ಪ ಸ್ವಲ್ಪ ಎಳೆಯುತ್ತಾರೆ. ಆಗ ನಮ್ಮ ಹಾಸನದ ಕೇಂದ್ರದವರು ಅದರ ಸಣ್ಣ ಎಂಜಿನ್ನು ಹಚ್ಚಿಸಿ ಜಾಗಕ್ಕೆ ತರುತ್ತಾರೆ. ಇಂಧನ ಮುಗಿಯುತ್ತಾ ಬಂದ ಉಪಗ್ರಹವನ್ನು ಸಾಮಾನ್ಯವಾಗಿ ಕೆಳಗೆ ಬೀಳಿಸುವುದಿಲ್ಲ. ಇನ್ನಷ್ಟು ಮೇಲಕ್ಕೆ ತಳ್ಳಿ ಅಲ್ಲೇ ಬಿಡುತ್ತಾರೆ.