ಹಳೆಯ ಮುಳ್ಳುತಂತಿ ಹೇಳುವ ಕಥೆ

(ಸಂಘದ ಬೆಳ್ಳಿಹಬ್ಬದ ವಿಚಾರಗೋಷ್ಠಿಯಲ್ಲಿ ಮಾಡಿದ ಭಾಷಣ)



ಬೇಲಿಯ ವಿಷಯವನ್ನು ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಕಳ್ಳಿ, ಕತ್ತಾಳೆ, ಜಾಲಿಮುಳ್ಳು ಹಾಕಿ ಹೊಲ ಕಾಯ್ದವರು ನಾವು. ಈಗ ಕಲ್ಲುಕಂಬ ನೆಟ್ಟು ಮುಳ್ಳುತಂತಿ ಎಳೆಯುತ್ತೇವೆ. ಆದರೆ ಹಳೆಯ ತಂತಿಯ ತುಂಡೊಂದು ಕೈಗೆ ಸಿಕ್ಕರೆ ಅದರ ವಯಸ್ಸು ಹೇಳುವುದು ಹೇಗೆ? ಅಮೆರಿಕದಲ್ಲಿ ಇದೇ ಒಂದು ವಿದ್ಯೆಯಾಗಿ ಬೆಳೆದಿದೆ. ಅಲ್ಲಿಯವರು 18 ಅಂಗುಲದ ತುಂಡುಗಳನ್ನು ಹಲಗೆಗೆ ಕಟ್ಟಿ ಕೂಡಿಡುತ್ತಾರೆ. ಕಾನ್ಸಾಸ್ ರಾಜ್ಯದ ಲಾ ಕ್ರಾಸ್ ಎಂಬ ಸಣ್ಣ ಊರಿನಲ್ಲಿ ಮುಳ್ಳುತಂತಿಗೆಂದೇ ಒಂದು ಮ್ಯೂಸಿಯಂ ಇದೆ. ಎರಡು ಸಾವಿರಕ್ಕೂ ಹೆಚ್ಚು ಬಗೆಗಳು ಅಲ್ಲಿವೆ. ನಮ್ಮ ಸಂಘಕ್ಕೂ ಇದಕ್ಕೂ ಏನು ಸಂಬಂಧ ಅಂತ ಕೇಳಬಹುದು. ಸಂಬಂಧ ಇದೆ, ಮುಂದೆ ಹೇಳುತ್ತೇವೆ.

ಅಮೆರಿಕದ ಬಯಲುಸೀಮೆಯಲ್ಲಿ ಮರ ಕಡಿಮೆ, ಕಲ್ಲು ಕಡಿಮೆ. ಅಲ್ಲಿಯ ರೈತರೂ ನಮ್ಮಂತೆಯೇ ಮುಳ್ಳುಗಿಡ ಬೆಳೆಸಿ ಬೇಲಿ ಮಾಡುತ್ತಿದ್ದರು. ಗಿಡ ಬೆಳೆಯಲು ವರ್ಷಗಳು ಬೇಕು, ದನಕ್ಕೆ ಅಷ್ಟು ತಾಳ್ಮೆ ಎಲ್ಲಿಯದು? 1868ರಲ್ಲಿ ಮೈಕೇಲ್ ಕೆಲ್ಲಿ ಎಂಬಾತ ತಗಡಿನ ಚೂಪು ಚೂರುಗಳನ್ನು ತಂತಿಗೆ ಪೋಣಿಸಿ ಪೇಟೆಂಟ್ ಪಡೆದ. 1874ರ ನವೆಂಬರ್ 24ರಂದು ಇಲಿನಾಯ್ ರಾಜ್ಯದ ಡಿಕಾಲ್ಬ್ ಊರಿನ ರೈತ ಜೋಸೆಫ್ ಗ್ಲಿಡನ್‌ಗೆ ಪೇಟೆಂಟ್ ಸಿಕ್ಕಿತು. ಮುಳ್ಳನ್ನು ಒಂದು ಎಳೆಗೆ ಸುತ್ತಿ, ಇನ್ನೊಂದು ಎಳೆಯನ್ನು ಅದರೊಂದಿಗೆ ಹುರಿ ಹಾಕಿದ. ಮುಳ್ಳು ಜಾರದೆ ನಿಂತಿತು. ಇಷ್ಟೇ ಉಪಾಯ! ಅದೇ ಊರಿನ ಜೇಕಬ್ ಹೈಶ್ 1875ರಲ್ಲಿ ‘ಎಸ್’ ಅಕ್ಷರದಂತೆ ಬಾಗಿದ ಮುಳ್ಳು ತಂದ.

ಇನ್ನು ಗುರುತು ಹಿಡಿಯುವ ಕ್ರಮ ನೋಡೋಣ. ಮೊದಲು ಎಳೆ ಎಣಿಸಬೇಕು: ಒಂದೋ, ಎರಡೋ, ಅಥವಾ ಎಳೆಯೇ ಇಲ್ಲದ ಚಪ್ಪಟೆ ಪಟ್ಟಿಯೋ? ಎರಡನೆಯದು, ಮುಳ್ಳಿಗೆ ಎಷ್ಟು ಮೊನೆ: ಎರಡೋ ನಾಲ್ಕೋ? ಮೂರನೆಯದು, ಮುಳ್ಳು ತಂತಿಯದೋ, ತಗಡಿನದೋ? ನಾಲ್ಕನೆಯದೇ ಮುಖ್ಯ: ಮುಳ್ಳು ಒಂದು ಎಳೆಯನ್ನು ಹಿಡಿದಿದೆಯೋ, ಎರಡನ್ನೂ ಹಿಡಿದಿದೆಯೋ? ಈ ನಾಲ್ಕನ್ನು ಬರೆದುಕೊಂಡು ಪೇಟೆಂಟ್ ಚಿತ್ರಗಳೊಂದಿಗೆ ಹೋಲಿಸಿದರೆ ಬಹುಪಾಲು ಉತ್ತರ ಸಿಗುತ್ತದೆ.

ಆದರೆ ಒಂದು ಎಚ್ಚರಿಕೆ. ಪೇಟೆಂಟ್ ವರ್ಷವೇ ಬೇಲಿಯ ವರ್ಷವಲ್ಲ. ತಂತಿ ಅದಕ್ಕಿಂತ ಹಳೆಯದಾಗಿರುವುದು ಅಪರೂಪ ಅಂತ ಮಾತ್ರ ಅದರಿಂದ ತಿಳಿಯುತ್ತದೆ. ಗ್ಲಿಡನ್ ಮಾದರಿಯ ತಂತಿಯನ್ನು ದಶಕಗಳ ಕಾಲ ತಯಾರಿಸಿದ್ದಾರೆ. ತುಕ್ಕನ್ನೂ ಪೂರ್ತಿ ನಂಬುವ ಹಾಗಿಲ್ಲ; ತೇವದ ನೆಲದಲ್ಲಿ ಹೊಸ ತಂತಿಯೂ ಬೇಗ ಮುದಿಯಾಗುತ್ತದೆ. ತಂತಿ ಮರದೊಳಗೆ ಹುದುಗಿದ್ದರೆ, ಆ ಮರ ಬಿದ್ದಾಗ ತಂತಿಯಿಂದ ಹೊರಕ್ಕೆ ಎಷ್ಟು ಬಳೆ ಬೆಳೆದಿವೆ ಅಂತ ಎಣಿಸಬಹುದು. ಹಳೆ ಜಮೀನು ಪತ್ರ, ಖರೀದಿ ಚೀಟಿ ಸಿಕ್ಕರೆ ಅದಕ್ಕಿಂತ ಒಳ್ಳೆಯ ಸಾಕ್ಷಿ ಇಲ್ಲ. ಹಳೆ ತಂತಿ ಮುಟ್ಟುವಾಗ ಕೈಗೆ ದಪ್ಪ ಚೀಲ ಹಾಕಿಕೊಳ್ಳಿ, ಗೀರಿದರೆ ಧನುರ್ವಾಯು ಚುಚ್ಚುಮದ್ದಿಗೆ ಆಸ್ಪತ್ರೆಗೆ ಹೋಗಿ.

ಈಗ ಸಂಘದ ಮಾತಿಗೆ ಬರೋಣ. 1876ರಲ್ಲಿ ಗ್ಲಿಡನ್ ತನ್ನ ಪಾಲನ್ನು ವಾಶ್‌ಬರ್ನ್ ಅಂಡ್ ಮೋಯೆನ್ ಕಂಪನಿಗೆ 60,000 ಡಾಲರಿಗೆ ಮಾರಿದ. ಜೊತೆಗೆ ನೂರು ಪೌಂಡ್ ತಂತಿಗೆ 25 ಸೆಂಟಿನಂತೆ ರಾಯಧನ. ಕಂಪನಿ ಬೇರೆ ಪೇಟೆಂಟುಗಳನ್ನೂ ಕೊಂಡು, ಪರವಾನಗಿ ಇಲ್ಲದೆ ತಂತಿ ಮಾಡಿದವರ ಮೇಲೆ ದಾವೆ ಹೂಡಿತು. ರೈತನ ಬೇಲಿ ಕಂಪನಿಯ ಮುಷ್ಟಿಗೆ ಸಿಕ್ಕಿತು. ಆಗ ಅಯೋವಾ ರಾಜ್ಯದ ರೈತರು ಏನು ಮಾಡಿದರು? 1881ರಲ್ಲಿ ಒಟ್ಟುಗೂಡಿ ರೈತರ ರಕ್ಷಣಾ ಸಂಘ ಕಟ್ಟಿದರು, ತಾವೇ ತಂತಿ ಮಾಡಿಸಿದರು, ಆಲ್ಬರ್ಟ್ ಕಮಿನ್ಸ್ ಎಂಬ ವಕೀಲರನ್ನಿಟ್ಟು ನ್ಯಾಯಾಲಯದಲ್ಲಿ ಹೋರಾಡಿದರು. ಆ ವಕೀಲರು ಮುಂದೆ ಅದೇ ರಾಜ್ಯದ ಗವರ್ನರ್ ಆದರು.

1892ರ ಫೆಬ್ರವರಿಯಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಬೇರೊಂದು ಮೊಕದ್ದಮೆಯಲ್ಲಿ ಗ್ಲಿಡನ್ ಪೇಟೆಂಟನ್ನೇ ಎತ್ತಿಹಿಡಿಯಿತು. ಆದರೆ 17 ವರ್ಷದ ಅದರ ಅವಧಿ 1891ಕ್ಕೇ ಮುಗಿದುಹೋಗಿತ್ತು! 1874ರಲ್ಲಿ ನೂರು ಪೌಂಡಿಗೆ 20 ಡಾಲರ್ ಇದ್ದ ತಂತಿ 1897ಕ್ಕೆ ಎರಡು ಡಾಲರಿಗಿಂತ ಕೆಳಗಿಳಿದಿತ್ತು. ಇದೆಲ್ಲ ಸಂಘದಿಂದಲೇ ಆಯಿತು ಅಂತ ನಾವು ಹೇಳುವುದಿಲ್ಲ. ಉಕ್ಕು ಅಗ್ಗವಾಯಿತು, ಯಂತ್ರಗಳು ಬಂದವು. ಆದರೆ ಒಬ್ಬೊಬ್ಬನೇ ರೈತ ಆ ಕಂಪನಿಯ ವಕೀಲರ ಮುಂದೆ ಒಂದು ದಿನವೂ ನಿಲ್ಲಲಾರ; ಕೂಡಿದ್ದರಿಂದ ವರ್ಷಗಟ್ಟಲೆ ನಿಂತರು.

ಬಂಧುಗಳೇ, ಆ ತುಕ್ಕು ಹಿಡಿದ ತುಂಡುಗಳನ್ನು ಅವರು ಜೋಪಾನ ಮಾಡಿದ್ದರಿಂದ ಇಂದು ಆ ಕಥೆ ನಮಗೂ ತಿಳಿಯಿತು. ನಮ್ಮ ಸಂಘದ ಮೊದಲ ನಡಾವಳಿ ಪುಸ್ತಕ, ಹಳೆಯ ಷೇರು ರಸೀದಿ, ಗೊಬ್ಬರದ ಬಿಲ್ಲು ನಿಮ್ಮ ಅಟ್ಟದ ಮೇಲಿದ್ದರೆ ಗುಜರಿಗೆ ಹಾಕಬೇಡಿ. ಸಂಘದ ಕಚೇರಿಗೆ ತಂದು ಕೊಡಿ, ಇಸವಿ ಬರೆಸಿಡೋಣ. ಸುವರ್ಣ ಮಹೋತ್ಸವದಲ್ಲಿ ಮಾತಾಡುವವರಿಗೆ ಅದೇ ಆಧಾರ.